ಈಟಿ ಇಲ್ಲದ ನೀರಾನೆ

ಪಮೋಂತ ನಮ್ಮ ಮನೆ ಬಾಗಿಲಿಗೆ ಬಂದು ನಿಂತಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ತುಟಿ ಒಣಗಿತ್ತು. ಅಮ್ಮ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

"ಅಂತೂ ಬಂದ ನೋಡೇ" ಎಂದು ಪಿಸುಗುಟ್ಟಿ, ಹೆಂಡದ ಗಡಿಗೆ ತರಲು ಒಳಗೆ ಓಡಿದಳು.

ನನಗೂ ಹಾಗೇ ಅನಿಸಿತು. ಹೆಣ್ಣು ಕೇಳಲು ಬಂದ ಗಂಡಸಿನ ಮುಖ ಹೀಗೇ ಇರುತ್ತದೆ ಎಂದು ಅಕ್ಕಪಕ್ಕದವರು ಹೇಳುವುದನ್ನು ಕೇಳಿದ್ದೆ. ಕಳೆದ ಬೇಸಿಗೆಯಿಂದ ನಾನು ಈ ಗಳಿಗೆಗೇ ಕಾಯುತ್ತಿದ್ದೆ. ಅವನು ಹೋರಸ್ ದೇವರ ಹೊಸ ಗುಡಿಯಲ್ಲಿ ಗೋಡೆ ಕೆತ್ತುವವನು, ನಾನು ಅದೇ ಗುಡಿಯಲ್ಲಿ ಕಂಚಿನ ಗಿಲಕಿ ಹಿಡಿದು ಹಾಡುವವಳು. ಅಭ್ಯಾಸಕ್ಕೆ ಹೋದಾಗಲೆಲ್ಲ ಅವನು ಯಾವುದಾದರೂ ಕಂಬದ ಹಿಂದಿನಿಂದ ನೋಡುತ್ತಿದ್ದ. ನಾನು ತಿರುಗಿದರೆ ಕಂಬದ ಮೇಲಿನ ಧೂಳು ಊದುವವನ ಹಾಗೆ ನಟಿಸುತ್ತಿದ್ದ. ಊದಿದ ಧೂಳು ಅವನ ಕಣ್ಣಿಗೇ ಬೀಳುತ್ತಿತ್ತು. ಆ ಕೆಂಪು ಕಣ್ಣು ಉಜ್ಜಿಕೊಳ್ಳುವುದನ್ನು ನೋಡಿಯೇ ನಾನು ಸೋತುಹೋಗಿದ್ದೆ.

"ಅಪ್ಪ ಮನೇಲಿಲ್ಲ" ಎಂದೆ, ನಗು ತಡೆದುಕೊಂಡು.

"ಗೊತ್ತು. ಅದಕ್ಕೇ ಈಗ ಬಂದೆ."

"ಅಪ್ಪ ಇಲ್ದೇ ಇರುವಾಗ ಬಂದು ಯಾರನ್ನ ಕೇಳ್ತೀಯೋ? ನಮ್ಮನೆ ಬೆಕ್ಕನ್ನಾ?"

ಅವನು ನಗಲಿಲ್ಲ. ಒಳಗೆ ಅಮ್ಮ ಎಷ್ಟು ದೂರದಲ್ಲಿದ್ದಾಳೆ ಎಂದು ಇಣುಕಿ ನೋಡಿ, ದನಿ ತಗ್ಗಿಸಿದ.

"ತನೂಫೆ, ನೀರಾನೆಗೆ ಈಟಿ ಹಾಕೋದು ಮರೆತುಬಿಟ್ಟಿದೀನಿ."

ನನ್ನ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ನಮ್ಮ ಬೆಹ್ದೆತ್ ಊರಿನ ಮಕ್ಕಳಿಗೂ ಆ ಮಾತಿನ ಅರ್ಥ ಗೊತ್ತು. ಗುಡಿಯ ಗೋಡೆಯ ಮೇಲೆ ಕೆತ್ತಿದ್ದು ಬಾಯಿ ತೆರೆಯುವ ದಿನದವರೆಗೆ ಕಲ್ಲು. ಆ ದಿನ ಪೂಜಾರಿ ಮರ ಕೆತ್ತುವ ಬಾಚಿ ಹಿಡಿದು ಒಂದೊಂದಕ್ಕೂ ಮುಟ್ಟಿಸಿ ಮಂತ್ರ ಹೇಳುತ್ತಾರೆ. ಕಲ್ಲಿನ ಬಾಯಿ ತೆರೆಯುತ್ತದೆ, ಉಸಿರು ಬರುತ್ತದೆ, ಕೆತ್ತಿದ್ದೆಲ್ಲ ಬದುಕುತ್ತದೆ. ಹೋರಸ್ ಬದುಕುತ್ತಾನೆ, ಅವನು ನಿಂತ ದೋಣಿ ಬದುಕುತ್ತದೆ, ಅವನ ತಂದೆಯನ್ನು ಕೊಂದ ಸೇತನೂ ನೀರಾನೆಯ ರೂಪದಲ್ಲಿ ದೋಣಿಯ ಕೆಳಗೆ ಬದುಕುತ್ತಾನೆ. ಅದಕ್ಕೇ ಆ ಪ್ರಾಣಿಯನ್ನು ಅಂಗೈಯಷ್ಟು ಚಿಕ್ಕದಾಗಿ ಕೆತ್ತಿ, ಮೂಗಿಗೆ ಈಟಿ ನೆಟ್ಟಿರುತ್ತಾರೆ. ಮೊದಲು ಈಟಿ ಕೆತ್ತಬೇಕು, ಆಮೇಲೆ ಪ್ರಾಣಿ. ಕಲ್ಲುಕೆಲಸದವರು ಈ ಕಟ್ಟಳೆಯನ್ನು ಮೀರುವಂತಿಲ್ಲ.

ಮರುದಿನ ಬೆಳಿಗ್ಗೆಯೇ ನಮ್ಮ ಗುಡಿಯ ಬಾಯಿ ತೆರೆಯುವುದಿತ್ತು. ಬಾಚಿ ಹಿಡಿಯುವವರು ನಮ್ಮಪ್ಪ.

"ಯಾವ ಗೋಡೆ?" ಎಂದು ಕೇಳಿದೆ.

"ಸುತ್ತು ಮೆಟ್ಟಿಲಿನ ಬುಡದಲ್ಲಿ, ಎಡಗಡೆ, ಮೊಣಕಾಲೆತ್ತರಕ್ಕೆ. ಬೆಳಿಗ್ಗೆ ಉಳಿಗಳನ್ನ ಒರೆಸ್ತಾ ಕೂತಿದ್ದೆ. ಈಟಿ ಕೆತ್ತೋಕೆ ಅಂತ್ಲೇ ಮಸೆದಿಟ್ಟಿದ್ದ ಸಣ್ಣ ಉಳಿ ಕೈಗೆ ಸಿಕ್ತು. ಅದರ ಬಾಯಿ ಹಾಗೇ ಹೊಸದಾಗಿದೆ. ಒಂದೇಟೂ ಬಿದ್ದಿಲ್ಲ."

"ಬಣ್ಣದೋರು ನೋಡ್ಲಿಲ್ವಾ?"

"ಆ ಕತ್ತಲಲ್ಲಿ ಅವ್ರಿಗೆ ಪ್ರಾಣಿ ಯಾವುದು ಅಂತ ಗೊತ್ತಾದ್ರೆ ಸಾಕು, ಕೆಂಪು ಬಳಿದು ಎದ್ದು ಹೋಗ್ತಾರೆ."

"ಮೊದ್ಲು ಈಟಿ ಅಲ್ವೇನೋ? ನಿಮ್ಮ ಕಟ್ಟಳೆ ಎಲ್ಲಿ ಹೋಗಿತ್ತು?"

ಅಷ್ಟು ಭಯದಲ್ಲೂ ಅವನ ಕಿವಿ ಕೆಂಪಾಯಿತು. "ಅವತ್ತು ಮನಸ್ಸು ಕೆಲಸದ ಮೇಲೆ ಇರ್ಲಿಲ್ಲ" ಎಂದ.

ನಮ್ಮಜ್ಜ ಒಂದು ಕಥೆ ಹೇಳುತ್ತಿದ್ದರು. ಹಳೆಯ ಗುಡಿಯ ಹಿಂಭಾಗದ ಕೋಣೆಗಳನ್ನು ಕಟ್ಟುವಾಗ ಒಬ್ಬ ಕೆಲಸಗಾರ ಮೊಸಳೆಯ ಬೆನ್ನಿಗೆ ಚೂರಿ ಕೆತ್ತದೆ ಬಿಟ್ಟನಂತೆ. ಬಾಯಿ ತೆರೆದ ಸಂಜೆ ಅವನು ಕೈ ತೊಳೆಯಲು ನದಿಗೆ ಇಳಿದ. ಕೈ ಹೋಯಿತು, ಕೈಯ ಹಿಂದೆ ಅವನೂ ಹೋದ. ಎಚ್ಚರವಾದ ಪ್ರಾಣಿ ಮೊದಲು ಹುಡುಕುವುದು ತನ್ನನ್ನು ಕೆತ್ತಿದ ಕೈಯನ್ನೇ ಎಂದು ಅಜ್ಜ ಕಥೆ ಮುಗಿಸುತ್ತಿದ್ದರು. ನಾನು ಪಮೋಂತನ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಇನ್ನೂ ಕಲ್ಲಿನ ಪುಡಿ ಇತ್ತು.

"ಮೇಸ್ತ್ರಿಗೆ ಹೇಳಿಬಿಡ್ತೀನಿ" ಎಂದ. "ಮರಳುಗಾಡಿನ ಕಲ್ಲುಗಣಿಗೆ ಕಳಿಸ್ತಾರೆ, ಕಳಿಸ್ಲಿ. ನಿನ್ನ ನೋಡಿ ಹೋಗೋಣ ಅಂತ ಬಂದೆ, ಅಷ್ಟೇ."

"ಹೇಳಿದ್ರೆ ಈಟಿ ಬರುತ್ತಾ?"

ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗುಡಿಯನ್ನು ಚೌಳುಪ್ಪಿನ ನೀರಿನಿಂದ ತೊಳೆದಾಗಿತ್ತು. ಇನ್ನು ಕೆಲಸದವರು ಒಳಗೆ ಕಾಲಿಟ್ಟರೆ ಎಲ್ಲವೂ ಮೈಲಿಗೆ. ದಿನ ಮುಂದೂಡುವಂತೆಯೂ ಇರಲಿಲ್ಲ. ದೇವಿ ಹಾಥೋರ್ ದೆಂದೇರಾದ ತನ್ನ ಮನೆಯಿಂದ ದೋಣಿಯಲ್ಲಿ ಹೊರಟು, ಗಂಡ ಹೋರಸನ ಮನೆಗೆ ಬಂದು ಸೇರುವ ದಿನವದು. ದೇವಿಯ ದೋಣಿಯನ್ನು ನದಿಯ ಮಧ್ಯೆ ನಿಲ್ಲಿಸುವವರು ಯಾರು?

ಗುಡಿಯೊಳಗೆ ಹೋಗಬಹುದಾಗಿದ್ದವರು ಪೂಜಾರಿಗಳು ಮತ್ತು ಹಾಡುವ ಹೆಂಗಸರು. ನಮಗೆ ಅದೇ ಮಧ್ಯಾಹ್ನ ಕೊನೆಯ ಅಭ್ಯಾಸವಿತ್ತು.

ನಾನು ಹುಟ್ಟಾ ಪುಕ್ಕಲಿ. ಚೇಳಿಗೆ, ಗುಡುಗಿಗೆ, ನದಿಯ ಕೆಸರಿಗೆ, ಪಕ್ಕದ ಮನೆಯ ಹೆಬ್ಬಾತಿಗೆ ಹೆದರುವವಳು. ಅಂಥವಳ ಬಾಯಿಂದ "ನಾನು ಕೆತ್ತಿ ಬರ್ತೀನಿ, ಕಲಿಸಿಕೊಡು" ಎಂಬ ಮಾತು ಹೊರಟಾಗ ಪಮೋಂತನಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು.

ಅಮ್ಮ ಗಡಿಗೆ ಹಿಡಿದು ಬರುವಷ್ಟರಲ್ಲಿ ನಾವಿಬ್ಬರೂ ಬಾಗಿಲಲ್ಲಿರಲಿಲ್ಲ.

ಗುಡಿಯ ಹೊರಗೋಡೆಯ ಆಚೆ ಒಡೆದ ಕಲ್ಲಿನ ರಾಶಿ ಇದೆ. ಅದರ ಮರೆಯಲ್ಲಿ ಒಂದು ಹಾಳು ಚಪ್ಪಡಿ ನಿಲ್ಲಿಸಿ, ಅವನು ಉಳಿಯನ್ನೂ ಮುಷ್ಟಿಗಾತ್ರದ ನುಣುಪು ಕಲ್ಲನ್ನೂ ನನ್ನ ಮುಂದಿಟ್ಟ. ಕೈ ಹಿಡಿದು ತೋರಿಸಲು ಮುಂದೆ ಬಂದವನು ಅರ್ಧದಲ್ಲೇ ನಿಂತುಬಿಟ್ಟ. ಹಾಡುವ ಹೆಂಗಸರು ಹಬ್ಬಕ್ಕೆ ಮೊದಲು ಶುದ್ಧಿಯಲ್ಲಿರಬೇಕು. ಮೀನು ತಿನ್ನುವಂತಿಲ್ಲ, ಉಣ್ಣೆ ಉಡುವಂತಿಲ್ಲ, ಗಂಡಸನ್ನು ಮುಟ್ಟುವಂತಿಲ್ಲ.

"ಮುಟ್ದೇ ಹೇಗೆ ಕಲಿಸೋದು?" ಎಂದ.

"ಬಾಯಲ್ಲಿ ಹೇಳು. ಬಾಯಿ ಇದೆಯಲ್ಲ, ಬೇಡದಿದ್ದಾಗ ತುಂಬಾ ಓಡುತ್ತೆ."

ಅವನು ನೀರಿನಂಚಿನಿಂದ ಒಂದು ಜೊಂಡು ಕಿತ್ತು ತಂದ. ಅದರ ತುದಿಯಿಂದ ನನ್ನ ಮೊಣಕೈಯನ್ನು ಮೆಲ್ಲಗೆ ಮೇಲೆತ್ತಿದ. ಆಮೇಲೆ ಮಣಿಕಟ್ಟನ್ನು ತಿರುಗಿಸಿದ. ಹೆಬ್ಬೆರಳನ್ನು ಉಳಿಯ ಕೆಳಕ್ಕೆ ಸರಿಸಿದ. ಹಸಿ ಜೊಂಡು ತಣ್ಣಗಿತ್ತು. ಅದರ ಇನ್ನೊಂದು ತುದಿ ಅವನ ಕೈಯಲ್ಲಿದೆ ಎಂಬುದಷ್ಟೇ ನನಗೆ ತಿಳಿಯುತ್ತಿತ್ತು. ನನ್ನ ಎದೆ ಬಡಿತ ಜೊಂಡಿನ ಮೂಲಕ ಅವನಿಗೆ ಗೊತ್ತಾಗುತ್ತಿದೆಯೇನೋ ಎಂದು ನಾಚಿಕೆಯಾಯಿತು.

"ಉಳೀನ ನೆಟ್ಟಗೆ ಹಿಡೀಬೇಡ, ಓರೆ ಮಾಡು. ಹೊಡೆದು ಸರಿಸು, ಹೊಡೆದು ಸರಿಸು. ದೇವರ ಕೈಯಿಂದ ಶುರು ಮಾಡಿ ಪ್ರಾಣಿ ಮೂಗಿನ ತನಕ. ಮೂಗು ದಾಟಿ ಒಳಗೆ ಹೋಗ್ಬೇಕು ಈಟಿ."

ಹೊಡೆದೆ. ಚಪ್ಪಡಿಯ ಮೂಲೆ ಚಟ್ಟನೆ ಹಾರಿ ಅವನ ಹಣೆಗೆ ಬಡಿಯಿತು.

"ನೀರಾನೆ ಬೇಡ, ನೀನೇ ಸಾಕು ನನ್ನ ಸಾಯಿಸೋಕೆ" ಎಂದ. ಆ ದಿನ ಮೊದಲ ಬಾರಿಗೆ ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಭಯ ಮೊದಲಿಗಿಂತ ದೊಡ್ಡದಾಗಿ ವಾಪಸು ಬಂತು.

"ಅವತ್ತು ಮನಸ್ಸು ಎಲ್ಲಿತ್ತು?" ಎಂದು ಕೇಳಿದೆ.

ಅವನು ಜೊಂಡನ್ನು ನೋಡುತ್ತಾ ಹೇಳಿದ. "ನೀನು ಮೇಲಿನ ಮೆಟ್ಟಿಲ ಮೇಲೆ ಕೂತು ಕಾಲಿನ ಮುಳ್ಳು ತೆಗೀತಿದ್ದೆ. ಹಾಡಿಕೊಳ್ತಾ ತೆಗೀತಿದ್ದೆ. ನನ್ನ ಕೈ ಏನು ಕೆತ್ತುತ್ತಿದೆ ಅಂತ ನಂಗೇ ಗೊತ್ತಾಗ್ಲಿಲ್ಲ. ನೋಡ್ದಾಗ ಪ್ರಾಣಿ ಮುಗಿದಿತ್ತು. ಸರಿ, ಈಟಿ ನಾಳೆ ಹಾಕೋಣ ಅಂದ್ಕೊಂಡೆ. ಮಾರನೇ ದಿನ ನಮ್ಮನ್ನ ಬೇರೆ ಗೋಡೆಗೆ ಕಳಿಸಿದ್ರು." ಜೊಂಡನ್ನು ಕೆಳಗಿಟ್ಟು, "ನಂಗೆ ನೀನಂದ್ರೆ ಇಷ್ಟ, ತನೂಫೆ. ಇದನ್ನ ಹೇಳೋಕೆ ಒಳ್ಳೇ ದಿನ ಹುಡುಕ್ತಾ ಇದ್ದೆ" ಎಂದ.

"ಒಳ್ಳೇ ದಿನಾನೇ ಸಿಕ್ತು" ಎಂದೆ. ಅಳು ಬಂದಿತ್ತು.

ಗಿಲಕಿಗಳ ಬುಟ್ಟಿಯ ತಳದಲ್ಲಿ ಕಲ್ಲು, ತಲೆಯ ಚೌರಿಯೊಳಗೆ ಉಳಿ. ಬಾಗಿಲ ಕಾವಲಿನವನು ಬುಟ್ಟಿ ನೋಡಿ ದಾರಿ ಬಿಟ್ಟ. ಕಂಬಗಳ ದೊಡ್ಡ ಹಜಾರದಲ್ಲಿ ನಮ್ಮ ಹಿರಿಯ ಹಾಡುಗಾರ್ತಿ ಹೆರಿಯೂ ಅಜ್ಜಿ ಆಗಲೇ ತಮಟೆಯವಳಿಗೆ ಬೈಯುತ್ತಿದ್ದಳು. ಕುಣಿತದ ಭಾಗ ಶುರುವಾಗುವವರೆಗೆ ಕಾದೆ. ಅದರಲ್ಲಿ ನನಗೆ ಕೆಲಸವಿರಲಿಲ್ಲ.

"ಅಜ್ಜೀ, ಈ ಗಿಲಕಿ ಸರಿಗೆ ಸಡಿಲ ಆಗಿದೆ. ಒಳಗಿನ ಕೋಣೆಯಿಂದ ಬೇರೆ ತರ್ತೀನಿ."

"ಬೇಗ ಬಾ. ಅಲ್ಲೇ ಗೋಡೆ ಗೊಂಬೆ ನೋಡ್ಕೊಂಡು ನಿಲ್ಬೇಡ."

ನಮ್ಮ ಗುಡಿಯಲ್ಲಿ ಒಳಗೆ ಹೋದಂತೆ ನೆಲ ಏರುತ್ತದೆ, ಛಾವಣಿ ಇಳಿಯುತ್ತದೆ, ಬೆಳಕು ಕಡಿಮೆಯಾಗುತ್ತದೆ. ಪ್ರಪಂಚವೆಲ್ಲ ನೀರಾಗಿದ್ದಾಗ ಮೊದಲು ಎದ್ದ ಮಣ್ಣಿನ ದಿಬ್ಬವೇ ದೇವರ ಕೋಣೆಯ ನೆಲ, ಆ ದಿಬ್ಬದ ಸುತ್ತ ಬೆಳೆದ ಜೊಂಡೇ ಈ ಕಂಬಗಳು ಎಂದು ಅಪ್ಪ ಹೇಳಿಕೊಟ್ಟಿದ್ದರು. ಆ ಜೊಂಡಿನ ಮೇಲೆ ಹೋರಸ್ ಗಿಡುಗವಾಗಿ ಬಂದು ಕೂತನಂತೆ, ಅವನಿಗೆ ಜನ ಕಟ್ಟಿದ ಮೊದಲ ಮನೆಯೂ ಜೊಂಡಿನದೇ. ಚಿಕ್ಕಂದಿನಲ್ಲಿ ಈ ಮಾತು ಕೇಳಲು ಖುಷಿಯಾಗುತ್ತಿತ್ತು. ಆ ಮಧ್ಯಾಹ್ನ ಮಾತ್ರ ನೀರಿನ ಅಡಿಯಲ್ಲಿ ನಡೆಯುತ್ತಿರುವ ಹಾಗೆ ಉಸಿರು ಕಟ್ಟಿತು. ಜೊಂಡಿನ ನಡುವೆ ನೀರಾನೆಯಲ್ಲದೆ ಇನ್ನೇನಿರುತ್ತದೆ?

ಬುಟ್ಟಿ ಹಿಡಿದು ಎರಡನೆಯ ಹಜಾರ ದಾಟಿ ಪಕ್ಕದ ಬಾಗಿಲಿಗೆ ಬಂದೆ. ಸುತ್ತು ಮೆಟ್ಟಿಲು ಅಲ್ಲಿಂದ ಮೇಲ್ಛಾವಣಿಗೆ ಏರುತ್ತದೆ. ಮೇಲಿನ ಸಣ್ಣ ಸಂದಿಯಿಂದ ಬಂದ ಬಿಸಿಲು ಗೋಡೆಯ ಎತ್ತರದಲ್ಲೇ ಉಳಿದಿತ್ತು. ಬುಡದಲ್ಲಿ ಕತ್ತಲೆ. ಮೊಣಕಾಲೂರಿ ಬೆರಳಿನಿಂದ ಹುಡುಕಿದೆ. ದೋಣಿಯ ಅಂಚು ಸಿಕ್ಕಿತು. ದೇವರ ಪಾದ, ತೋಳು, ಮುಷ್ಟಿ ಸಿಕ್ಕವು. ಮುಷ್ಟಿಯ ಕೆಳಗೆ ನುಣ್ಣನೆಯ ಗೋಡೆ, ಏನೂ ಇಲ್ಲ. ಇನ್ನೂ ಕೆಳಗೆ ದಪ್ಪ ಬೆನ್ನು, ಚಿಕ್ಕ ಕಿವಿ. ನನ್ನ ಬೆರಳು ಜಾರಿ ಅದರ ತೆರೆದ ಬಾಯಿಯೊಳಗೆ ಹೋಯಿತು.

ಚೀರದೆ ಇದ್ದದ್ದು ಹೇಗೋ ನನಗೇ ಗೊತ್ತಿಲ್ಲ. ಕೈ ಕಿತ್ತುಕೊಂಡು, ಬೆರಳು ಎಲ್ಲ ಇವೆಯೇ ಎಂದು ಮುಟ್ಟಿ ನೋಡಿಕೊಂಡೆ.

ಹೊರಗೆ ತಮಟೆ ಶುರುವಾಯಿತು. ನಮ್ಮ ಲೆಕ್ಕಾಚಾರ ಅದೇ ಆಗಿತ್ತು. ತಮಟೆಯ ಏಟಿನ ಮೇಲೆ ನನ್ನ ಏಟು ಬೀಳಬೇಕು. ಉಳಿಯನ್ನು ಓರೆ ಹಿಡಿದು, ಧಂ ಎಂದಾಗ ಹೊಡೆದೆ. ಸರಿಸಿದೆ, ಹೊಡೆದೆ. ಕಲ್ಲಿನ ಪುಡಿ ಮುಖಕ್ಕೆ ಹಾರುತ್ತಿತ್ತು. ದೇವರ ಮುಷ್ಟಿಯಿಂದ ಒಂದು ಗೀರು ಕೆಳಗೆ ಇಳಿಯತೊಡಗಿತು. ಸೊಟ್ಟಗಿತ್ತು, ಆದರೂ ಇಳಿಯುತ್ತಿತ್ತು.

ಇದ್ದಕ್ಕಿದ್ದಂತೆ ತಮಟೆ ನಿಂತಿತು. ಎತ್ತಿದ ಕೈ ಇಳಿದಾಗಿತ್ತು. ನನ್ನ ಏಟು ಆ ಮೌನದಲ್ಲಿ ಟಣ್ ಎಂದು ಗುಡಿಯೆಲ್ಲ ಕೇಳಿಸಿತು.

"ಯಾರೇ ಅದು ತಾಳ ತಪ್ಪಿದ್ದು?" ಹೆರಿಯೂ ಅಜ್ಜಿಯ ದನಿ.

"ನಾನಲ್ಲ ಅಜ್ಜೀ!" ತಮಟೆಯವಳು ಕೂಗಿದಳು.

"ನೀನಲ್ದೆ ಕಂಬ ಬಾರಿಸ್ತಾ? ಮೊದ್ಲಿಂದ ಬಾರ್ಸು!"

ಕುಳಿತಲ್ಲೇ ಕಲ್ಲಾದೆ. ಬೆವರು ಕಣ್ಣಿಗಿಳಿಯಿತು. ಯಾರಾದರೂ ಬರುತ್ತಿದ್ದಾರಾ ಎಂದು ಕಿವಿಗೊಟ್ಟೆ. ಹೆಜ್ಜೆ ಕೇಳಿಸಲಿಲ್ಲ. ತಮಟೆ ಮತ್ತೆ ಎದ್ದಾಗ ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಕಲ್ಲು ಉಳಿಯ ಮೇಲೆ ಬೀಳದೆ ಹೆಬ್ಬೆರಳ ಮೇಲೆ ಬಿತ್ತು.

ನೋವಿಗಿಂತ ಮೊದಲು ಬಿಸಿ ಗೊತ್ತಾಯಿತು. ರಕ್ತ. ತೊಳೆದ ಗುಡಿಯೊಳಗೆ, ದೇವರ ಗೋಡೆಯ ಮೇಲೆ.

ಆಗ ಎದ್ದು ಓಡಿಹೋಗಬೇಕು ಎಂದು ಎಷ್ಟು ಅನಿಸಿತೋ ಹೇಳಲಾರೆ. ಈಟಿ ಇನ್ನೂ ಮೂಗಿಗೆ ಮುಟ್ಟಿರಲಿಲ್ಲ. ಪಮೋಂತನ ಕೈ, ನಾಳೆ ಇದೇ ಜಾಗದಲ್ಲಿ ಬಗ್ಗಿ ನಿಲ್ಲುವ ಅಪ್ಪನ ಮುಖ, ಎರಡೂ ಕಣ್ಣ ಮುಂದೆ ಬಂದವು. ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಹಲ್ಲು ಕಚ್ಚಿ ಹೊಡೆದೆ. ಮೂಗು ದಾಟಿತು. ಇನ್ನೂ ಹೊಡೆದೆ. ಸಾಕು ಎನಿಸಿದ ಮೇಲೂ ಇನ್ನೊಂದು ಹೊಡೆದೆ. ಆಮೇಲೆ ಕತ್ತಲಲ್ಲಿ ಕಂಡಷ್ಟು ರಕ್ತವನ್ನು ಒರೆಸಿ, ಪುಡಿಯನ್ನು ಬಳಿದು ಬುಟ್ಟಿಗೆ ಹಾಕಿಕೊಂಡೆ.

ಹಜಾರಕ್ಕೆ ವಾಪಸು ಬಂದಾಗ ದೇವಿಯನ್ನು ಬರಮಾಡಿಕೊಳ್ಳುವ ಹಾಡು ಶುರುವಾಗುವುದರಲ್ಲಿತ್ತು. ಆ ಹಾಡಿನ ಮೊದಲ ಸಾಲು ನನ್ನದು. ಅದಕ್ಕಾಗಿ ಹುಡುಗಿಯಾಗಿದ್ದಾಗಿನಿಂದ ಕಾದಿದ್ದೆ. ಗಾಯವಾದವಳು ಶುದ್ಧಿ ಕಳೆದುಕೊಂಡ ಹಾಗೆ, ಅವಳು ದೇವಿಯ ಮುಂದೆ ನಿಲ್ಲುವಂತಿಲ್ಲ. ಬೆರಳನ್ನು ಗಿಲಕಿಯ ಹಿಡಿಯ ಹಿಂದೆ ಮುಚ್ಚಿಟ್ಟಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ದೇವಿಗೆ ಕಾಣುತ್ತದೆ ಎಂಬ ಭಯ ನನಗಿತ್ತು.

"ಅಜ್ಜೀ, ಬೆಳಿಗ್ಗೆ ಈರುಳ್ಳಿ ಹೆಚ್ಚುವಾಗ ಬೆರಳು ಕುಯ್ಕೊಂಡೆ. ಈಗ ಮತ್ತೆ ಬಾಯಿ ಬಿಟ್ಟಿದೆ."

ಅವಳು ಬೆರಳನ್ನೂ ನನ್ನ ಮುಖವನ್ನೂ ನೋಡಿದಳು. "ಈ ದಿನಾನೇ ಆಗ್ಬೇಕಿತ್ತೇನೇ ನಿಂಗೆ?" ಎಂದು ಗಿಲಕಿಯನ್ನು ನನ್ನ ಕೈಯಿಂದ ತೆಗೆದು ಇನ್ನೊಬ್ಬಳಿಗೆ ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ಸವರಿದಳು.

ಮರುದಿನ ಬೆಳಿಗ್ಗೆ ಊರೆಲ್ಲ ಗುಡಿಯ ಮುಂದಿತ್ತು. ನಾನೂ ಪಮೋಂತನೂ ಜನರ ಹಿಂದೆ, ಹೊರಗೋಡೆಗೆ ಒರಗಿ ನಿಂತೆವು. ಅವನು ನದಿಯ ಕಡೆ ಬೆನ್ನು ಹಾಕಿರಲಿಲ್ಲ. ನೀರು ಅಲುಗಿದಾಗಲೆಲ್ಲ ಬೆಚ್ಚುತ್ತಿದ್ದ.

ದೇವಿಯ ದೋಣಿ ದಡ ಸೇರಿತು. ಒಳಗಿನಿಂದ ಹಾಡು ಕೇಳಿಸಿತು. ನನ್ನ ಸಾಲನ್ನು ಬೇರೆ ಯಾರೋ ಹಾಡಿದರು, ಚೆನ್ನಾಗಿಯೇ ಹಾಡಿದರು.

"ನಿಂದು ಯಾವುದು?" ಎಂದು ಪಮೋಂತ ಕೇಳಿದ.

"ಈಗ ಹೋಯ್ತಲ್ಲ, ಅದು."

"ನನಗೆ ಸರಿಯಾಗಿ ಕೇಳಿಸ್ಲಿಲ್ಲ. ನೀನು ಹೇಳು."

ಅವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹಾಡಿದೆ. 'ಬಾ, ದೂರದಿಂದ ಬಂದವಳೇ, ಬಾಗಿಲು ನಿನ್ನದು.' ಅವನು ಬಟ್ಟೆ ಸುತ್ತಿದ ನನ್ನ ಬೆರಳನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡ. ಈಗ ಮುಟ್ಟಬಹುದಾಗಿತ್ತು, ನನ್ನಲ್ಲಿ ಕೆಡಲು ಶುದ್ಧಿ ಉಳಿದಿರಲಿಲ್ಲ. ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಈ ಕೈಗೆ ಏನೂ ಆಗದಿರಲಿ ಎಂದು ನನಗೆ ಗೊತ್ತಿದ್ದ ಎಲ್ಲ ದೇವರನ್ನೂ ಬೇಡಿಕೊಂಡೆ.

ಹಾಡು ನಿಂತಿತು. ಒಳಗೆ ಅಪ್ಪ ಬಾಚಿ ಹಿಡಿದು ಕೋಣೆಯಿಂದ ಕೋಣೆಗೆ ಹೋಗುತ್ತಿರಬೇಕು. ಇಷ್ಟು ಹೊತ್ತಿಗೆ ಎರಡನೆಯ ಹಜಾರ. ಇಷ್ಟು ಹೊತ್ತಿಗೆ ಮೆಟ್ಟಿಲು. ನಾವಿಬ್ಬರೂ ಉಸಿರು ಹಿಡಿದೆವು. ಎಲ್ಲೋ ಒಂದು ಕತ್ತೆ ಅರಚಿತು, ಪಮೋಂತ ನನ್ನ ಬೆರಳು ನುಚ್ಚಾಗುವಷ್ಟು ಅದುಮಿದ. ಆಮೇಲೆ ಮೇಲ್ಛಾವಣಿಯಿಂದ ಕಹಳೆ ಕೂಗಿತು. ಗುಡಿ ಬದುಕಿತು ಎಂದು ಜನ ಕೇಕೆ ಹಾಕಿದರು.

ಅಪ್ಪ ಹೊರಗೆ ಬಂದರು. ಬೋಳುತಲೆ ಬೆವರಿತ್ತು, ಹೆಗಲ ಮೇಲಿನ ಚಿರತೆ ಚರ್ಮ ಜಾರಿತ್ತು. ಕೈ ಮುಗಿದವರನ್ನೆಲ್ಲ ಬದಿಗೆ ಸರಿಸಿಕೊಂಡು ನೇರವಾಗಿ ನಮ್ಮ ಹತ್ತಿರ ಬಂದರು.

"ಕೈ ತೋರ್ಸು."

"ಈರುಳ್ಳಿ ಹೆಚ್ಚುವಾಗ..."

"ನಾನು ವ್ರತದಲ್ಲಿರೋವಾಗ ನಿಮ್ಮಮ್ಮ ಮನೆಗೆ ಈರುಳ್ಳಿ ತರೋದೇ ಇಲ್ಲ."

ಪಮೋಂತ ನನ್ನ ಮುಂದೆ ಬಂದು ನಿಂತ. "ಅಯ್ಯನವ್ರೇ, ತಪ್ಪು ನಂದು. ಪ್ರಾಣಿ ಕೆತ್ತಿದ್ದು ನಾನು, ಈಟಿ ಮರೆತಿದ್ದೂ ನಾನು. ಇವಳನ್ನ ಏನೂ ಅನ್ಬೇಡಿ. ಮೇಸ್ತ್ರಿ ಹತ್ರ ಈಗ್ಲೇ ಹೋಗಿ ಹೇಳ್ತೀನಿ."

ಅಪ್ಪ ಅವನ ಮಾತು ಕೇಳಿಸದವರಂತೆ ನನ್ನನ್ನೇ ನೋಡುತ್ತಿದ್ದರು. "ಮೆಟ್ಟಿಲ ಬುಡದಲ್ಲಿ ದೀಪ ಬಗ್ಗಿಸ್ದೆ. ಈಟಿ ಸೊಟ್ಟಗಿತ್ತು. ಕೆಲಸ ಕಲಿತವನ ಕೈಯಲ್ಲ ಅಂತ ಗೊತ್ತಾಯ್ತು. ಅದರ ಪಕ್ಕ ರಕ್ತ ಇತ್ತು, ಬೆರಳಗಲ. ನಿನ್ನ ಬೆರಳಿನ ವಿಷಯ ಹೆರಿಯೂ ಅಜ್ಜಿ ಹೇಳಿದ್ದು ನೆನಪಾಯ್ತು."

ಒರೆಸಿದ್ದೆ, ಎಲ್ಲ ಒರೆಸಿದ್ದೆ ಎಂದು ಹೇಳಲು ಹೋದೆ. ದನಿ ಬರಲಿಲ್ಲ.

"ಹಿಂದೆ ಅಷ್ಟು ಜನ ಪೂಜಾರಿಗಳು ನಿಂತಿದ್ರು. ನಾನು ನಿಲ್ಸಿದ್ರೆ ಯಾಕೆ ಅಂತ ಕೇಳ್ತಾರೆ. ದೇವ್ರಿಗೆ ಮುಟ್ಟಿಸ್ದೆ, ಪ್ರಾಣಿಗೆ ಮುಟ್ಟಿಸ್ದೆ, ಈಟಿಗೆ ಮುಟ್ಟಿಸ್ದೆ. ಆ ರಕ್ತಕ್ಕೂ ಮುಟ್ಟಿಸ್ದೆ."

"ಅಂದ್ರೆ ಅಪ್ಪ?"

"ಅಂದ್ರೆ ಏನು ಹೇಳ್ಲಿ? ಗೋಡೆ ಮೇಲಿದ್ದದ್ದೆಲ್ಲ ಬದುಕ್ತು. ನಿನ್ನ ರಕ್ತಾನೂ ಬದುಕ್ತು, ಅದರಲ್ಲಿರೋ ನೀನೂ." ಅಪ್ಪನ ಗಲ್ಲ ಅದುರುತ್ತಿತ್ತು. ಅವರೂ ಹೆದರಿದ್ದಾರೆ ಎಂದು ನನಗೆ ಆಗ ತಿಳಿಯಿತು. "ಇನ್ಮೇಲೆ ನೀನು ಒಳಗೆ ಹಾಡೋ ಹಾಗಿಲ್ಲ, ಮಗಳೇ. ನಾನಿರೋ ತನಕ ಬಿಡಲ್ಲ. ಆದ್ರೆ ಗೋಡೆ ಒಳಗೆ ಸೇರಿಬಿಟ್ಟಿರೋ ನಿನ್ನನ್ನ ಆಚೆ ಕಳಿಸೋಕೂ ನನ್ನಿಂದ ಆಗಲ್ಲ. ಗುಡಿ ಇರೋ ತನಕ ನೀನು ಅಲ್ಲೇ."

ಪಮೋಂತನ ಮುಖದಿಂದ ರಕ್ತ ಇಳಿದುಹೋಯಿತು.

"ಆ ನೀರಾನೆ ಪಕ್ಕದಲ್ಲೇನಾ?" ಎಂದ. "ಆ ಕತ್ತಲಲ್ಲಿ? ಒಬ್ಳೇನಾ?"

ಅಪ್ಪ ಆಗ ಮೊದಲ ಬಾರಿಗೆ ಅವನ ಕಡೆ ತಿರುಗಿದರು. "ಯಾಕೆ, ನೀನೂ ಹೋಗ್ತೀಯಾ?"

"ಹೋಗ್ತೀನಿ" ಎಂದ. ಒಂದು ಕ್ಷಣವೂ ಯೋಚಿಸಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಹೊರಟೇಬಿಟ್ಟ. ಆ ದೊಡ್ಡ ಬಾಗಿಲಿನ ಕಡೆ ನಿಜವಾಗಿ ಎರಡು ಹೆಜ್ಜೆ ಇಟ್ಟ.

ಅಪ್ಪ ಅವನ ತೋಳು ಹಿಡಿದು ನಿಲ್ಲಿಸಿದರು.

"ಅಲ್ಲಿ ಬೇಡ. ಅಲ್ಲಿ ದೇವರಿದ್ದಾನೆ, ನೋಡ್ಕೋತಾನೆ. ಇಲ್ಲಿರೋಳ ಜೊತೆ ಇರು."

ಅಷ್ಟು ಹೇಳಿ ಚಿರತೆ ಚರ್ಮ ಸರಿಮಾಡಿಕೊಂಡು ಮುಂದೆ ನಡೆದರು. ನಾವು ಕೈ ಕೈ ಹಿಡಿದು ಅವರ ಹಿಂದೆ ನಡೆದೆವು. ಮೂವರಿಗೂ ನಡುಕ ನಿಂತಿರಲಿಲ್ಲ.